ವಿತ್ ಬೇಡ

ಫೋರ್ಟಿನ ಮುನಿಸಿಪಾಲಿಟಿ ಶಾಲೆಯ ಮೂರನೇ ಮಾಳಿಗೆ,
ರಾತ್ರಿ ಎಂಟು.
ಹಗಲಿನ ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಹಿಡಿಸದೆ
ಅಡ್ಡಡ್ಡ ಕೂತ ಹದಿನಾಲ್ಕು ಮಂದಿ.
ಈರುಳ್ಳಿ ವಾಸನೆಯ ಕೈಗಳು, ಸೀಮೆಎಣ್ಣೆ ವಾಸನೆಯ ಕೈಗಳು.
ಹಗಲೆಲ್ಲ ವಿಮಾ ಕಚೇರಿಯ ಗುಮಾಸ್ತನಾದ ನಾನು
ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ: ಜಾಯಿನ್.

ಅರ್ಥ ಹೇಳುವುದು ಸುಲಭವೆಂದುಕೊಂಡಿದ್ದೆ.
ಸೇರು, ಕೂಡು, ಜೋಡಿಸು, ಎಂದೆ.
ದೂಮಣ್ಣ ಕೈಯೆತ್ತಿದ: ಹಾಗಾದರೆ ಚಟ್ನಿಗೆ ಉಪ್ಪು ಜಾಯಿನ್ ಮಾಡುವುದೇ?
ಅಲ್ಲ, ಅದು ಬೆರೆಸುವುದು.
ಅಂಗಿಗೆ ಗುಂಡಿ? ಹೊಲಿಯುವುದು.
ಲಕೋಟೆಗೆ ಸ್ಟಾಂಪು? ಅಂಟಿಸುವುದು.
ಗೂಟಕ್ಕೆ ಎಮ್ಮೆ? ಕಟ್ಟುವುದು ಮಾರಾಯ.
ಮತ್ತೆ ಏನು ಉಳಿಯಿತು ಸರ್, ಈ ಜಾಯಿನ್ನಿಗೆ?
ನಗು. ನಾನೂ ನಕ್ಕೆ.
ಉಳಿದದ್ದು: ಡ್ಯೂಟಿಗೆ, ಮಿಲಿಟರಿಗೆ,
ಒಡೆದ ಪೈಪಿಗೆ, ಕ್ಯೂವಿನ ಬಾಲಕ್ಕೆ.

ಆಮೇಲೆ ವ್ಯಾಕರಣ. ನಮ್ಮ ಮಾತಿಗೆ ಕೊಕ್ಕೆ ಬೇಕು,
ಒಂದು 'ಗೆ' ಇಲ್ಲದೆ ಸೇರಲಾಗದು,
ಒಂದು 'ಒಡನೆ' ಇಲ್ಲದೆ ಕೂಡಲಾಗದು;
ಇಂಗ್ಲಿಷಿನ ಈ ಕ್ರಿಯಾಪದ ಮಾತ್ರ
ಕೊಕ್ಕೆಯನ್ನು ಹೊಟ್ಟೆಯೊಳಗೇ ಇಟ್ಟುಕೊಂಡಿದೆ.
ಆದ್ದರಿಂದ, ಎಂದು ಹಲಗೆಗೆ ಬೆರಳು ಕುಟ್ಟಿದೆ,
ಜಾಯಿನ್ ಬಂದ ಮೇಲೆ ವಿತ್ ಬೇಡ.

ಹಿಂದಿನ ಬೆಂಚಿನ ಸಾಬಣ್ಣ, ಯಾದಗಿರಿ ಕಡೆಯವ,
ದಾರೂಖಾನಾದಲ್ಲಿ ಹಳೇ ಹಡಗು ಕೊಯ್ಯುವ ಗ್ಯಾಸ್ ಕಟರ್,
ನೋಟ್‌ಬುಕ್ ತಂದಿಟ್ಟ.
ಒಂದೇ ವಾಕ್ಯ, ಹಾಳೆ ತೂತಾಗುವಷ್ಟು ಒತ್ತಿ ಬರೆದದ್ದು:
ಐ ಜಾಯಿನ್ಡ್ ವಿತ್ ಮೈ ಬ್ರದರ್.
ಕೆಂಪು ಶಾಯಿಯಲ್ಲಿ ವಿತ್ ಹೊಡೆದು ಹಾಕಿದೆ.
ಅವ ಬಹಳ ಹೊತ್ತು ಆ ಗೆರೆಯನ್ನೇ ನೋಡಿದ.
"ಅಣ್ಣನ ಕೂಡ ಅಂತ ಬರದೀನ್ರಿ ಸರ್.
ಕೂಡ ತೆಗದ್ರ ಅಣ್ಣ ಒಬ್ಬನ ಉಳೀತಾನಲ್ರಿ."
ನಿಯಮ, ಎಂದೆ.
ನೋಟ್‌ಬುಕ್ಕು ಬಿಟ್ಟೇ ಹೋದ.

ಎರಡು ವಾರ ಬರಲಿಲ್ಲ.
ಶನಿವಾರದ ಅರ್ಧ ದಿನ ಮುಗಿಸಿ
ರೇ ರೋಡಿನಲ್ಲಿ ಇಳಿದು, ಕೇಳುತ್ತ ಕೇಳುತ್ತ ಹೋದೆ.
ಕೆಸರಿನಲ್ಲಿ ಮಲಗಿದ ಹಡಗು. ಮೂತಿಯಿಲ್ಲ, ಒಂದು ಪಕ್ಕೆಯಿಲ್ಲ,
ಒಳಗಿನ ಕೋಣೆಗಳೆಲ್ಲ ಬಯಲಿಗೆ ಬಿದ್ದು
ಯಾರದೋ ಗೋಡೆಯಲ್ಲಿ ಕನ್ನಡಿಯ ಮೊಳೆ.
ಅಣ್ಣ ಇದ್ದ. ಕಾಲಿಗೆ ಬ್ಯಾಂಡೇಜು, ತಗಡು ಬಿದ್ದಿತ್ತಂತೆ;
ಅವನ ಪಾಳಿಯನ್ನೂ ಇವನೇ ಮಾಡುತ್ತಿದ್ದ.

ಸಾಬಣ್ಣ ಕಪ್ಪು ಕನ್ನಡಕ ಹಣೆಗೇರಿಸಿ ತೋರಿಸಿದ:
ತಗಡು ತಗಡನ್ನು ಮುಟ್ಟಿದ ಕಡೆ
ಹಳೇ ಗಾಯದ ಹಾಗೆ ಒಂದು ಉಬ್ಬು ಗೆರೆ.
"ಬೆಸುಗಿ ಮ್ಯಾಲ ಕೊಯ್ಯಂಗಿಲ್ರಿ, ಬಾಜೂಕ ಕೊಯ್ತೀವಿ.
ತಗಡಕಿಂತ ಇದಾ ಗಟ್ಟಿ ಅದ."
ಯಾವ ದೇಶದಲ್ಲಿ ಯಾರು ಬೆಸೆದದ್ದೋ, ಅವನಿಗೆ ತಿಳಿಯದು.
ಗುಡ್ಡೆ ಹಾಕಿದ ತುಂಡುಗಳಲ್ಲಿ ಆ ಗೆರೆ ಹಾಗೇ ಇತ್ತು,
ಎರಡು ಕಡೆಯೂ ಒಂದಿಷ್ಟು ತಗಡು ಕಚ್ಚಿಕೊಂಡು.

ಚಹಾ ಬಂತು. ಕವುಚಿಟ್ಟ ಡಬ್ಬಿಯೊಂದನ್ನು ಅಂಗಿಯ ತೋಳಿನಲ್ಲಿ ಒರೆಸಿ
"ಕೂಡ್ರಿ ಸರ್," ಎಂದ.
ನಮ್ಮ ಕುಂದಾಪುರದ ಕಡೆ ಕೂಡು ಎಂದರೆ ಲೆಕ್ಕ.
ಇವರ ಕಡೆ, ಕೂತುಕೋ.
ಕೂತೆ.
ಅಣ್ಣ ಕಾಲು ಎತ್ತಿಟ್ಟು ಸ್ವಲ್ಪ ಸರಿದ.

ಸೋಮವಾರ, ಹೊಡೆದುಹಾಕಿದ ವಿತ್ತಿನ ಅಡಿಗೆ
ಒಂದೊಂದೇ ಚುಕ್ಕಿ ಇಟ್ಟೆ.
ತಪ್ಪಿ ಹೊಡೆದದ್ದು ಇರಲಿ ಎನ್ನಲು
ಆಫೀಸಿನ ಕಾಗದಗಳಲ್ಲಿ ಹಾಗೆ ಮಾಡುತ್ತೇವೆ.
ದೂಮಣ್ಣ ಇಣುಕಿ ನೋಡಿಬಿಟ್ಟ:
ಪರೀಕ್ಷೆಯಲ್ಲಿ ಹೀಗೆ ಬರೆದರೆ ಮಾರ್ಕು ಹೋಗುತ್ತದೆಯೇ ಸರ್?
ಹೋಗುತ್ತದೆ, ಎಂದೆ.
ಅರ್ಧ.